ನಾಲ್ಕನೆಯ ಡೌನ್ ಬಂದಾಗ ಎದ್ದು ಕೂರಿ: ಮೊದಲ ಸಲ ಬೌಲ್ ಪಂದ್ಯ ನೋಡುವವರಿಗೆ

ಮಕ್ಕಳು ಅಮೆರಿಕದಲ್ಲಿ ಓದುತ್ತಿರುವ ಮನೆಗಳಿಗೆ ಡಿಸೆಂಬರ್‌ನಲ್ಲಿ ಇಂಥದೊಂದು ಫೋನ್ ಬರುವುದುಂಟು: “ಅಪ್ಪಾ, ನಮ್ಮ ಯೂನಿವರ್ಸಿಟಿ ಟೀಮ್ ಬೌಲ್ ಪಂದ್ಯ ಆಡುತ್ತಿದೆ, ನೀವೂ ನೋಡಿ.” ಕಾಲೇಜು ತಂಡಗಳ ಋತು ಮುಗಿದ ಮೇಲೆ ನಡೆಯುವ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳೇ ಬೌಲ್. ಅಪ್ಪ ಪ್ರೀತಿಯಿಂದಲೇ ಟಿವಿ ಮುಂದೆ ಕೂರುತ್ತಾರೆ. ಹೆಲ್ಮೆಟ್ ತೊಟ್ಟ ಇಪ್ಪತ್ತೆರಡು ಜನ ಐದಾರು ಸೆಕೆಂಡ್ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಏಳುತ್ತಾರೆ, ಅರ್ಧ ನಿಮಿಷ ಏನೋ ಸಮಾಲೋಚಿಸುತ್ತಾರೆ, ಮತ್ತೆ ಬೀಳುತ್ತಾರೆ. ಸ್ವಲ್ಪ ಹೊತ್ತಿಗೆಲ್ಲ ಅಪ್ಪನಿಗೆ ಆಕಳಿಕೆ.

ಅವರನ್ನು ದೂರಿ ಫಲವಿಲ್ಲ. ಅಮೆರಿಕನ್ ಫುಟ್‌ಬಾಲ್ ಹೇಳಿಕೊಡಲು ಹೊರಟವರು ಆಟಗಾರರ ಸ್ಥಾನಗಳು, ಬಗೆಬಗೆಯ ದಂಡಗಳು, ಅಂಪೈರ್‌ಗಳ ಕೈಸನ್ನೆಗಳು ಎಲ್ಲವನ್ನೂ ಮೊದಲ ದಿನವೇ ತಲೆಗೆ ತುಂಬುತ್ತಾರೆ. ನನ್ನ ಪ್ರಕಾರ ಅದಾವುದೂ ಆ ದಿನಕ್ಕೆ ಬೇಡ. ನಾಲ್ಕನೆಯ ಡೌನ್‌ನಲ್ಲಿ, ಅಂದರೆ ಕೊನೆಯ ಅವಕಾಶದಲ್ಲಿ, ಒಂದು ತಂಡ ಏನು ಮಾಡಬೇಕೆಂದು ಏಕೆ ತಲೆ ಕೆಡಿಸಿಕೊಳ್ಳುತ್ತದೆ ಎಂಬುದೊಂದು ಗೊತ್ತಾದರೆ ಉಳಿದದ್ದು ನೋಡುತ್ತ ನೋಡುತ್ತ ತಾನಾಗಿ ಬರುತ್ತದೆ. ಕಲಿಯಲು ನಾನು ಸೂಚಿಸುವುದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ನಡೆಯುವ ರೋಸ್ ಬೌಲ್. ಬೌಲ್ ಪಂದ್ಯಗಳಲ್ಲೆಲ್ಲ ಹಳೆಯದು ಅದೇ.

ಮೊದಲು, ಯಾವ ಪಂದ್ಯ ಎಂದು ನೋಡಿಕೊಳ್ಳಿ

ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಋತು ಆಗಸ್ಟ್ ಕೊನೆಗೆ ಶುರುವಾಗಿ ಡಿಸೆಂಬರ್ ಆರಂಭಕ್ಕೆ ಮುಗಿಯುತ್ತದೆ. ಸಾಮಾನ್ಯವಾಗಿ 12 ಪಂದ್ಯಗಳಲ್ಲಿ 6 ಗೆದ್ದ ತಂಡಕ್ಕೆ ಬೌಲ್ ಆಡುವ ಅರ್ಹತೆ ಸಿಗುತ್ತದೆ. ಡಿಸೆಂಬರ್ ನಡುವಿನಿಂದ ಜನವರಿಯವರೆಗೆ ನಲವತ್ತಕ್ಕೂ ಹೆಚ್ಚು ಬೌಲ್ ಪಂದ್ಯಗಳಿರುತ್ತವೆ. ಎಲ್ಲಕ್ಕೂ ಒಂದೇ ತೂಕವಿಲ್ಲ. ಐಡಾಹೊ ರಾಜ್ಯದ ಬಾಯ್ಸಿಯಲ್ಲಿ ಆಲೂಗೆಡ್ಡೆಯ ಹೆಸರಿನ ಬೌಲ್ ಇದೆ, ಅಲ್ಲಿ ಮೈದಾನದ ಹಾಸು ನೀಲಿ ಬಣ್ಣದ್ದು. ನಾರ್ತ್ ಕ್ಯಾರೊಲಿನಾದ ಒಂದು ಬೌಲ್‌ನಲ್ಲಿ ಗೆದ್ದ ಕೋಚ್‌ನ ತಲೆಯ ಮೇಲೆ ಬಕೆಟ್‌ಗಟ್ಟಲೆ ಮಯೊನೇಸ್ ಸುರಿಯುತ್ತಾರೆ. ಇವು ಹಬ್ಬದ ಜಾತ್ರೆಯಾಟಗಳು. ನಗುನಗುತ್ತ ನೋಡಬಹುದು.

ಇನ್ನೊಂದು ಬಗೆಯವು ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸರಣಿಯ ಪಂದ್ಯಗಳು. 2024ರ ಋತುವಿನಿಂದ ಈ ಪ್ಲೇಆಫ್‌ನಲ್ಲಿ 12 ತಂಡಗಳಿವೆ. ಮೊದಲ ಸುತ್ತು ವಿಶ್ವವಿದ್ಯಾಲಯಗಳ ಸ್ವಂತ ಮೈದಾನಗಳಲ್ಲಿ, ಕ್ವಾರ್ಟರ್‌ಫೈನಲ್ ಮತ್ತು ಸೆಮಿಫೈನಲ್ ರೋಸ್, ಶುಗರ್, ಆರೆಂಜ್, ಕಾಟನ್ ಮುಂತಾದ ದೊಡ್ಡ ಬೌಲ್‌ಗಳಲ್ಲಿ. 2025ರ ಜನವರಿ 1ರ ರೋಸ್ ಬೌಲ್ ಅಂಥದೊಂದು ಕ್ವಾರ್ಟರ್‌ಫೈನಲ್. ಆ ಋತುವಿನಲ್ಲಿ ಅಲ್ಲಿಯವರೆಗೆ ಸೋಲನ್ನೇ ಕಾಣದಿದ್ದ ಆರಿಗನ್ ತಂಡವನ್ನು ಒಹಾಯೊ ಸ್ಟೇಟ್ 41-21ರಿಂದ ಸೋಲಿಸಿತು. ಪಂದ್ಯದ ನಾಲ್ಕು ಭಾಗಗಳಲ್ಲಿ ಎರಡನೆಯದರಲ್ಲಿ, ಅಂದರೆ ಎರಡನೆಯ ಕ್ವಾರ್ಟರ್‌ನಲ್ಲಿಯೇ, ಅಂಕ 34-0 ಆಗಿತ್ತು. ಅದೇ ಋತುವಿನ ಅಕ್ಟೋಬರ್‌ನಲ್ಲಿ ಇದೇ ಆರಿಗನ್ ಇದೇ ಒಹಾಯೊ ಸ್ಟೇಟನ್ನು ಒಂದು ಅಂಕದಿಂದ ಮಣಿಸಿತ್ತು. ಪಂದ್ಯದ ಹಿಂದೆ ಇಂಥದೊಂದು ಬಾಕಿ ಲೆಕ್ಕವಿದೆಯೇ ಎಂದು ಮೊದಲೇ ವಿಚಾರಿಸಿಕೊಂಡರೆ ನೋಡುವ ರುಚಿಯೇ ಬೇರೆ.

ಪ್ಲೇಆಫ್‌ಗೆ ಸೇರದ ಬೌಲ್ ನೋಡುವುದಾದರೆ ಯಾರು ಆಡುತ್ತಿಲ್ಲ ಎಂಬುದನ್ನು ಪಂದ್ಯದ ಹಿಂದಿನ ದಿನ ಓದಿಕೊಳ್ಳಿ. ವೃತ್ತಿಪರ ಲೀಗ್‌ಗೆ ಹೋಗಲಿರುವ ಆಟಗಾರರು ಗಾಯದ ಭಯದಿಂದ ಹೊರಗುಳಿಯುವುದು 2016ರಿಂದೀಚೆಗೆ ಮಾಮೂಲಾಗಿದೆ. ಬೇರೆ ವಿಶ್ವವಿದ್ಯಾಲಯಕ್ಕೆ ವರ್ಗ ಕೇಳಿದವರೂ ಸಾಮಾನ್ಯವಾಗಿ ಆಡುವುದಿಲ್ಲ. 2023ರಲ್ಲಿ ಫ್ಲಾರಿಡಾ ಸ್ಟೇಟ್ ಆಡಿದ 13ನ್ನೂ ಗೆದ್ದರೂ ಪ್ಲೇಆಫ್‌ಗೆ ಆಯ್ಕೆಯಾಗಲಿಲ್ಲ. ಮುನಿಸಿಕೊಂಡ ತಂಡದ ಪ್ರಮುಖರು ಅನೇಕರು ಆರೆಂಜ್ ಬೌಲ್‌ಗೆ ಇಳಿಯಲೇ ಇಲ್ಲ. ಜಾರ್ಜಿಯಾ ಎದುರು 63-3ರಿಂದ ಸೋತಿತು. ಅಂಥ ಪಂದ್ಯಕ್ಕೆ ವಿಮಾನದ ಟಿಕೆಟ್ ಕೊಂಡವರ ಸಂಕಟ ಊಹಿಸಿಕೊಳ್ಳಿ.

ಡೌನ್ ಲೆಕ್ಕ ಕಲಿಯಿರಿ

ಮೈದಾನದ ಉದ್ದ 100 ಗಜ, ಎರಡೂ ತುದಿಗಳಲ್ಲಿ 10 ಗಜದ ಎಂಡ್ ಝೋನ್. ಚೆಂಡು ಕೈಯಲ್ಲಿರುವ ತಂಡ ಎದುರಾಳಿಯ ಎಂಡ್ ಝೋನ್ ಕಡೆಗೆ ಸಾಗಬೇಕು. ಅದಕ್ಕೆ ಸಿಗುವುದು ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ ಡೌನ್ ಎಂದು ಹೆಸರು. ನಾಲ್ಕರೊಳಗೆ 10 ಗಜ ಮುಂದೆ ಹೋದರೆ ಮತ್ತೆ ಹೊಸದಾಗಿ ನಾಲ್ಕು. ಹೋಗದಿದ್ದರೆ ಚೆಂಡು ಎದುರಾಳಿಗೆ, ಅದೂ ಎಲ್ಲಿ ನಿಂತಿತೋ ಅಲ್ಲಿಂದಲೇ.

ಟಿವಿ ಪರದೆಯ ಅಂಕಪಟ್ಟಿಯಲ್ಲಿ ಎರಡು ಸಂಖ್ಯೆಗಳು ಸದಾ ಇರುತ್ತವೆ. ಮೊದಲನೆಯದು ಎಷ್ಟನೆಯ ಡೌನ್, ಎರಡನೆಯದು ಇನ್ನೆಷ್ಟು ಗಜ ಬೇಕು. “ಸೆಕೆಂಡ್ ಅಂಡ್ ಸೆವೆನ್” ಎಂದರೆ ಎರಡನೆಯ ಅವಕಾಶ, ಇನ್ನು 7 ಗಜ. ಪಂದ್ಯದ ಮೊದಲ ಅರ್ಧ ಗಂಟೆ ಬೇರೇನನ್ನೂ ಗಮನಿಸಬೇಡಿ. ಪ್ರತಿ ಸಲ ಆಟಗಾರರು ಸಾಲುಗಟ್ಟಿದಾಗ ಆ ಎರಡು ಸಂಖ್ಯೆ ಓದಿ, ಆಟ ನಿಂತ ಮೇಲೆ ಮತ್ತೆ ಓದಿ. ನಡುವಿನ ಬಿಡುವು ಬೌಲರ್ ತನ್ನ ರನ್ ಅಪ್‌ಗೆ ಹಿಂದಕ್ಕೆ ನಡೆಯುವ ಹೊತ್ತಿನಂತೆ, ಯೋಚಿಸಲಿಕ್ಕೆಂದೇ ಇರುವುದು. ಮುಂದಿನದಕ್ಕೆ ತಂಡಕ್ಕೆ 40 ಸೆಕೆಂಡ್ ಸಮಯವಿರುತ್ತದೆ.

ಮೂರನೆಯ ಡೌನ್ ಕೈಕೊಟ್ಟಿತೆಂದರೆ ಕೋಚ್‌ಗೆ ಧರ್ಮಸಂಕಟ. ಮುಂದಿರುವ ದಾರಿ ಮೂರು. ಚೆಂಡನ್ನು ಒದ್ದು ದೂರ ಕಳುಹಿಸಿ, ಎದುರಾಳಿ ಹಿಂದಿನಿಂದ ಶುರುಮಾಡುವಂತೆ ಮಾಡಬಹುದು. ಇದು ಪಂಟ್, ಅಂಜುಬುರುಕರ ದಾರಿ ಎಂದು ಗ್ಯಾಲರಿ ಕೂಗಿದರೂ ಬಹಳ ಸಲ ಬುದ್ಧಿವಂತಿಕೆಯ ದಾರಿ. ಗೋಲ್ ಕಂಬಗಳು ಹತ್ತಿರವಿದ್ದರೆ ಅವುಗಳ ನಡುವೆ ಒದ್ದು 3 ಅಂಕ ಗಳಿಸಬಹುದು. ಇದು ಫೀಲ್ಡ್ ಗೋಲ್. ಇಲ್ಲವೇ ಧೈರ್ಯ ಮಾಡಿ ಉಳಿದ ಗಜಗಳಿಗಾಗಿ ನುಗ್ಗಬಹುದು.

ಫೀಲ್ಡ್ ಗೋಲ್ ದೂರವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಲು ಒಂದು ಸುಲಭ ದಾರಿಯಿದೆ. ಚೆಂಡು ಇರುವ ಗೆರೆಯ ಸಂಖ್ಯೆಗೆ, ಅಂದರೆ ಅಲ್ಲಿಂದ ಎಂಡ್ ಝೋನ್‌ಗೆ ಎಷ್ಟು ಗಜವೋ ಅದಕ್ಕೆ, 17 ಸೇರಿಸಿ. ಕಂಬಗಳು ಎಂಡ್ ಝೋನ್‌ನ ಹಿಂದಿನ ಅಂಚಿನಲ್ಲಿರುವುದರಿಂದ 10, ಒದೆಯುವವನು ಸುಮಾರು 7 ಗಜ ಹಿಂದೆ ನಿಲ್ಲುವುದರಿಂದ 7. ಚೆಂಡು 30ರ ಗೆರೆಯಲ್ಲಿದ್ದರೆ 47 ಗಜದ ಒದೆತ. ಕಾಲೇಜು ಹುಡುಗರಿಗೆ 50 ದಾಟಿತೆಂದರೆ ಕಷ್ಟ ಎಂದು ಇಟ್ಟುಕೊಳ್ಳಿ. ಕೋಚ್ ಏನು ಮಾಡುತ್ತಾನೆಂದು ಅವನಿಗಿಂತ ಮೊದಲೇ ನೀವು ಹೇಳಬೇಕು, ಪಕ್ಕದವರ ಜೊತೆ ಪಂಥ ಕಟ್ಟಬೇಕು. ಆಗಲೇ ಮಜಾ.

ಅಂಕಗಳು, ಕಾಲೇಜು ಆಟದ ಕೆಲವು ಬೇರೆತನಗಳು

ಚೆಂಡನ್ನು ಎದುರಾಳಿಯ ಎಂಡ್ ಝೋನ್‌ಗೆ ಒಯ್ದರೆ ಟಚ್‌ಡೌನ್, ಅದಕ್ಕೆ 6. ಅದಾದ ಮೇಲೆ ಒದ್ದರೆ 1, ಮತ್ತೊಮ್ಮೆ ಎಂಡ್ ಝೋನ್‌ಗೆ ನುಗ್ಗಿದರೆ 2. ಫೀಲ್ಡ್ ಗೋಲ್ 3. ಎದುರಾಳಿಯನ್ನು ಅವನದೇ ಎಂಡ್ ಝೋನ್‌ನಲ್ಲಿ ಕೆಡವಿದರೆ 2, ಇದು ಅಪರೂಪ. ಇಷ್ಟೇ.

ವೃತ್ತಿಪರರ ಎನ್‌ಎಫ್‌ಎಲ್ ನೋಡಿದ ರೂಢಿಯಿದ್ದರೆ ಕಾಲೇಜು ಆಟದಲ್ಲಿ ಎರಡು ಕಡೆ ಎಡವುತ್ತೀರಿ. ಚೆಂಡು ಹಿಡಿಯುವವನ ಒಂದು ಕಾಲು ಗೆರೆಯ ಒಳಗಿದ್ದರೆ ಸಾಕು, ಎನ್‌ಎಫ್‌ಎಲ್‌ನಲ್ಲಿ ಎರಡೂ ಬೇಕು. ಇನ್ನೊಂದು, ಚೆಂಡು ಹಿಡಿದವನ ಮೊಣಕಾಲು ನೆಲ ಮುಟ್ಟಿತೆಂದರೆ ಆಟ ಅಲ್ಲಿಗೇ ನಿಲ್ಲುತ್ತದೆ, ಯಾರೂ ಅವನನ್ನು ಮುಟ್ಟಿರಬೇಕೆಂದಿಲ್ಲ. ಸಮಬಲವಾದರೆ ಹೆಚ್ಚುವರಿ ಆಟ 25ರ ಗೆರೆಯಿಂದ, ಎರಡೂ ತಂಡಗಳಿಗೆ ಒಂದೊಂದು ಸರದಿ. ಮೂರನೆಯ ಸುತ್ತಿನಿಂದ ಬರೀ 2 ಅಂಕದ ಪ್ರಯತ್ನಗಳ ಸರದಿ.

ಗಡಿಯಾರದ ಬಗ್ಗೆ ಒಂದು ಎಚ್ಚರಿಕೆ. 15 ನಿಮಿಷದ ನಾಲ್ಕು ಕ್ವಾರ್ಟರ್ ಎಂದು ಒಂದು ಗಂಟೆ ಬಿಡುವು ಮಾಡಿಕೊಂಡು ಕೂರಬೇಡಿ. ಮೂರೂವರೆ ಗಂಟೆ ಬೇಕು. ಎಸೆದ ಚೆಂಡನ್ನು ಯಾರೂ ಹಿಡಿಯದೆ ಅದು ನೆಲಕ್ಕೆ ಬಿದ್ದಾಗ, ಟೈಮ್‌ಔಟ್ ಕೇಳಿದಾಗ, ಅಂಕ ಬಂದಾಗಲೆಲ್ಲ ಗಡಿಯಾರ ನಿಲ್ಲುತ್ತದೆ. ಕೊನೆಯ 2 ನಿಮಿಷಗಳು ಇಪ್ಪತ್ತು ನಿಮಿಷ ಎಳೆಯುವುದೂ ಉಂಟು. ಅಡುಗೆಮನೆಯ ಕೆಲಸವಿದ್ದರೆ ಮೂರನೆಯ ಕ್ವಾರ್ಟರ್‌ನಲ್ಲಿಯೇ ಮುಗಿಸಿಕೊಳ್ಳಿ.

2006ರ ಪಂದ್ಯದ ಕೊನೆಯ ಏಳು ನಿಮಿಷ ನೋಡಿ

ನಿಮ್ಮ ಪಂದ್ಯಕ್ಕೆ ಒಂದೆರಡು ದಿನ ಮುಂಚೆ, 2006ರ ಜನವರಿ 4ರ ರೋಸ್ ಬೌಲ್‌ನ ವಿಡಿಯೊವನ್ನು ಹುಡುಕಿ ನೋಡಿ. ಟೆಕ್ಸಸ್ ಮತ್ತು ಸದರ್ನ್ ಕ್ಯಾಲಿಫೋರ್ನಿಯಾ, ಅಂದರೆ ಯುಎಸ್‌ಸಿ, ವಿಶ್ವವಿದ್ಯಾಲಯಗಳ ನಡುವಿನ ಆ ಪಂದ್ಯ ಆ ಸಲದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಅಂತಿಮ ಪಂದ್ಯವೂ ಆಗಿತ್ತು. ಯುಎಸ್‌ಸಿ ಸತತ 34 ಪಂದ್ಯ ಗೆದ್ದು ಬಂದಿತ್ತು. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಹಿಂದಿನ ಎರಡು ವರ್ಷಗಳ ವಿಜೇತರು, ಮ್ಯಾಟ್ ಲೈನಾರ್ಟ್ ಮತ್ತು ರೆಜಿ ಬುಷ್, ಇಬ್ಬರೂ ಅದೇ ತಂಡದಲ್ಲಿದ್ದರು. ಟೆಕ್ಸಸ್‌ನ ಬಲವೆಲ್ಲ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಪಡೆದು ಆಟ ನಡೆಸುವವನು, ವಿನ್ಸ್ ಯಂಗ್.

ಮೊಣಕಾಲಿನ ನಿಯಮ ಕಣ್ಣಿಗೆ ಕಾಣಬೇಕಾದರೆ ಎರಡನೆಯ ಕ್ವಾರ್ಟರ್‌ನ ಒಂದು ತುಣುಕನ್ನೂ ನೋಡಿ. ಓಡುತ್ತಿದ್ದ ಯಂಗ್ ಬೀಳುತ್ತ ಬೀಳುತ್ತ ಪಕ್ಕದವನಿಗೆ ಚೆಂಡು ಎಸೆಯುತ್ತಾನೆ, ಅವನು ಟಚ್‌ಡೌನ್ ಮಾಡುತ್ತಾನೆ. ನಿಧಾನಗತಿಯಲ್ಲಿ ನೋಡಿದರೆ ಎಸೆಯುವ ಮುನ್ನವೇ ಯಂಗ್‌ನ ಮೊಣಕಾಲು ನೆಲ ಮುಟ್ಟಿರುತ್ತದೆ. ಪರಿಶೀಲನೆಯ ಯಂತ್ರ ಆ ಹೊತ್ತಿಗೆ ಕೆಟ್ಟಿದ್ದರಿಂದ ಟಚ್‌ಡೌನ್ ಉಳಿದುಕೊಂಡಿತು. ಯುಎಸ್‌ಸಿ ಅಭಿಮಾನಿಗಳ ಮುಂದೆ ಈ ಮಾತು ಎತ್ತಿದರೆ ಕಾಫಿ ಆರುವವರೆಗೂ ಬಿಡುವುದಿಲ್ಲ.

ಈಗ ಕೊನೆಗೆ ಬನ್ನಿ. ಏಳು ನಿಮಿಷಕ್ಕೂ ಕಡಿಮೆ ಉಳಿದಿರುವಾಗ ಯುಎಸ್‌ಸಿ 38-26ರಿಂದ ಮುಂದೆ. ಯಂಗ್ 17 ಗಜ ಓಡಿ ಒಂದು ಟಚ್‌ಡೌನ್ ತರುತ್ತಾನೆ, 38-33. ಮರಳಿ ಚೆಂಡು ಯುಎಸ್‌ಸಿ ಕೈಗೆ. ಅವರು ನಿಧಾನವಾಗಿ ಗಡಿಯಾರ ತಿನ್ನುತ್ತ ಮುಂದೆ ಸರಿದು, 2 ನಿಮಿಷ ಮತ್ತು ಕೆಲವು ಸೆಕೆಂಡ್ ಇರುವಾಗ ಟೆಕ್ಸಸ್‌ನ 45ರ ಗೆರೆಯ ಹತ್ತಿರ ನಿಲ್ಲುತ್ತಾರೆ. ಪರದೆಯಲ್ಲಿ: ಫೋರ್ತ್ ಅಂಡ್ ಟೂ.

ಇಲ್ಲಿ ವಿಡಿಯೊ ನಿಲ್ಲಿಸಿ. ನೀವು ಕೋಚ್ ಆಗಿದ್ದರೆ? ಪಂಟ್ ಮಾಡಿದರೆ ಯಂಗ್ 80-90 ಗಜ ಬರಬೇಕು, ಆದರೆ ಚೆಂಡು ಅವನ ಕೈಗೆ ಹೋಗುತ್ತದೆ. ನುಗ್ಗಿ 2 ಗಜ ಗಳಿಸಿದರೆ ಪಂದ್ಯ ಮುಗಿದಂತೆಯೇ, ಅವನಿಗೆ ಚೆಂಡೇ ಸಿಗುವುದಿಲ್ಲ. ಕೋಚ್ ಪೀಟ್ ಕ್ಯಾರಲ್ ನುಗ್ಗಲು ಹೇಳಿದರು. ಲೆಂಡೇಲ್ ವೈಟ್ ಚೆಂಡು ಹಿಡಿದು ಗುಂಪಿನೊಳಗೆ ನುಗ್ಗಿದ. ಟೆಕ್ಸಸ್ ಅವನನ್ನು ಗೆರೆಗೆ ಮುಂಚೆಯೇ ತಡೆಯಿತು. ರೆಜಿ ಬುಷ್ ಆಗ ಮೈದಾನದ ಹೊರಗಿದ್ದ. ಅವನನ್ನು ಏಕೆ ಇಳಿಸಲಿಲ್ಲ ಎಂಬ ಪ್ರಶ್ನೆ ಇಂದಿಗೂ ಸತ್ತಿಲ್ಲ. ನನ್ನ ಮಟ್ಟಿಗೆ ಕ್ಯಾರಲ್ ನಿರ್ಧಾರ ಸರಿಯೇ ಇತ್ತು. ಆ ರಾತ್ರಿ ಯಂಗ್‌ನನ್ನು ಯಾರೂ ತಡೆಯುತ್ತಿರಲಿಲ್ಲ, ಹಾಗಿರುವಾಗ ಅವನಿಗೆ ಚೆಂಡನ್ನೇ ಕೊಡದಿರಲು ನೋಡುವುದು ಲೇಸು.

ಯಂಗ್ 56 ಗಜ ಬರಬೇಕಿತ್ತು. ಬಂದ. 26 ಸೆಕೆಂಡ್ ಇರುವಾಗ ಮತ್ತೆ ನಾಲ್ಕನೆಯ ಡೌನ್, 5 ಗಜ ಬೇಕು. ಈ ಸಲ ಕೋಚ್‌ಗೆ ಆಯ್ಕೆಯೇ ಇಲ್ಲ. 5 ಅಂಕ ಹಿಂದಿರುವವರಿಗೆ 3 ಅಂಕದ ಫೀಲ್ಡ್ ಗೋಲ್ ಯಾವ ಕೆಲಸಕ್ಕೆ? ಯಂಗ್ ಚೆಂಡು ಪಡೆದು ಎಡಕ್ಕೊಮ್ಮೆ ಮಧ್ಯಕ್ಕೊಮ್ಮೆ ನೋಡುತ್ತಾನೆ, ಎಸೆಯಲು ಯಾರೂ ಸಿಗುವುದಿಲ್ಲ. ಬಲಕ್ಕೆ ತಿರುಗಿ ಮೂಲೆಯ ಕಂಬದ ಕಡೆ ಓಡುತ್ತಾನೆ, ಯಾರೂ ಅವನನ್ನು ಮುಟ್ಟುವುದಿಲ್ಲ. ಟಚ್‌ಡೌನ್, ಉಳಿದದ್ದು 19 ಸೆಕೆಂಡ್. ಅದರ ಮೇಲೆ 2 ಅಂಕದ ಪ್ರಯತ್ನವನ್ನೂ ಅವನೇ ಓಡಿ ಗೆದ್ದ. 41-38. ಎಸೆದು 267 ಗಜ, ಓಡಿ 200 ಗಜ, ಒಬ್ಬನದೇ ಗಳಿಕೆ.

ಎರಡು ನಾಲ್ಕನೆಯ ಡೌನ್‌ಗಳ ನಡುವೆ ಒಂದು ಚಾಂಪಿಯನ್‌ಷಿಪ್ ಕೈ ಬದಲಾಯಿಸಿದ್ದನ್ನು ಒಮ್ಮೆ ಹೀಗೆ ನೋಡಿಕೊಂಡರೆ, ನಿಮ್ಮ ಪಂದ್ಯದಲ್ಲಿ ಪರದೆಯ ಮೇಲೆ 4 ಎಂಬ ಅಂಕೆ ಬಂದಾಗ ತಾನಾಗಿಯೇ ಬೆನ್ನು ನೆಟ್ಟಗಾಗುತ್ತದೆ.

ಊರಿನಿಂದ ನೋಡುವವರು

ಪ್ಯಾಸಡೀನಾದ ಚಳಿಗಾಲದ ಸಮಯಕ್ಕೂ ನಮ್ಮದಕ್ಕೂ ಹದಿಮೂರೂವರೆ ಗಂಟೆ ವ್ಯತ್ಯಾಸ. ಅಲ್ಲಿ ಜನವರಿ 1ರ ಮಧ್ಯಾಹ್ನ 2ಕ್ಕೆ ಶುರುವಾದರೆ ಬೆಂಗಳೂರಿನಲ್ಲಿ ಜನವರಿ 2ರ ಬೆಳಗಿನ ಜಾವ ಮೂರೂವರೆ. ಶುರುವಿನ ಸಮಯ ಒಂದು ಗಂಟೆ ಹಿಂದೆ ಮುಂದೆ ಆಗುವುದುಂಟು, ಅಲಾರಾಂ ಇಡುವ ಮುನ್ನ ನೋಡಿಕೊಳ್ಳಿ. ಜನವರಿ 1 ಭಾನುವಾರ ಬಿದ್ದರೆ ಪಂದ್ಯ ಮರುದಿನಕ್ಕೆ ಹೋಗುತ್ತದೆ, 2023ರಲ್ಲಿ ಹಾಗೆಯೇ ಆಯಿತು. ಪೂರ್ತಿ ಏಳಲಾಗದಿದ್ದರೆ ಐದೂವರೆಗೆ ಎದ್ದರೂ ದ್ವಿತೀಯಾರ್ಧ ಸಿಗುತ್ತದೆ.

ಮೈದಾನಕ್ಕೇ ಹೋಗುವವರು

ಟಿಕೆಟ್‌ಗೆ ಅವಸರಪಡಬೇಡಿ. ಕ್ವಾರ್ಟರ್‌ಫೈನಲ್‌ನ ಎರಡೂ ತಂಡಗಳು ಯಾವುವೆಂದು ಖಚಿತವಾಗುವುದು ಮೊದಲ ಸುತ್ತು ಮುಗಿದ ಮೇಲೆ, ಡಿಸೆಂಬರ್ ಮೂರನೆಯ ವಾರದ ಹೊತ್ತಿಗೆ. ಮಗ ಅಥವಾ ಮಗಳು ಅದೇ ವಿಶ್ವವಿದ್ಯಾಲಯದವರಾದರೆ ಮೊದಲು ಅಲ್ಲಿಯ ಟಿಕೆಟ್ ಕಚೇರಿಯಲ್ಲಿ ವಿಚಾರಿಸಲು ಹೇಳಿ. ಪ್ರತಿ ತಂಡಕ್ಕೂ ಒಂದು ಪಾಲು ಟಿಕೆಟ್ ಮೀಸಲಿರುತ್ತದೆ, ನಿಮ್ಮ ಬಣ್ಣ ತೊಟ್ಟವರ ನಡುವೆಯೇ ಕೂರಬಹುದು.

ಆಸನ ಆರಿಸುವಾಗ ಮೈದಾನಕ್ಕೆ ಹತ್ತಿರ ಎಂದು ಕೆಳಗಿನ ಸಾಲುಗಳಿಗೆ ಮರುಳಾಗಬೇಡಿ. 1922ರಲ್ಲಿ ಕಟ್ಟಿದ ರೋಸ್ ಬೌಲ್ ಕ್ರೀಡಾಂಗಣದ ಇಳಿಜಾರು ಬಹಳ ಸಪಾಟು. ಕೆಳಗೆ ಕುಳಿತವರಿಗೆ ಕಾಣುವುದು ಅಂಚಿನಲ್ಲಿ ನಿಂತ ಆಟಗಾರರ ಬೆನ್ನು. ಮೇಲಿನ ಸಾಲುಗಳಿಂದ ಇಡೀ ಸಾಲುಗಟ್ಟುವಿಕೆ ಕಾಣುತ್ತದೆ, ಬೆಲೆಯೂ ಕಡಿಮೆ. ಪೂರ್ವ ದಿಕ್ಕಿನಲ್ಲಿ ಕೂತರೆ ಮಧ್ಯಾಹ್ನದ ಬಿಸಿಲು ನೇರ ಕಣ್ಣಿಗೆ, ತಂಪು ಕನ್ನಡಕ ಬೇಕೇ ಬೇಕು. ಪಶ್ಚಿಮದಲ್ಲಿ ಕೂತವರಿಗೆ ನೆರಳು ಬೇಗ ಬರುತ್ತದೆ, ಚಳಿಯೂ ಬೇಗ. ಮಧ್ಯಾಹ್ನ ಅರೆತೋಳಿನ ಅಂಗಿ ಸಾಕೆನಿಸಿದರೂ ಸೂರ್ಯ ಮುಳುಗಿದೊಡನೆ ಸ್ವೆಟರ್ ಬೇಕಾಗುತ್ತದೆ. ಊರಿನಿಂದ ಬಂದ ತಾಯಿತಂದೆಯರಿಗೆ ಶಾಲು ಮರೆಯಬೇಡಿ.

ಬಟ್ಟೆಯ ಕೈಚೀಲ, ಬೆನ್ನುಚೀಲ ಒಳಗೆ ಬಿಡುವುದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಚೀಲ ಮಾತ್ರ, ಅದಕ್ಕೂ ಅಳತೆಯ ಮಿತಿಯಿದೆ. ಜೊತೆಗೆ ಅಂಗೈಯಗಲದ ಪರ್ಸ್ ಒಯ್ಯಬಹುದು. ಬಾಗಿಲಲ್ಲಿ ವಾದ ಮಾಡಿ ಗೆದ್ದವರಿಲ್ಲ.

ಮೈದಾನ ಇರುವುದು ಅರಾಯೊ ಸೆಕೊ ಎಂಬ ಕಣಿವೆಯಲ್ಲಿ, ಒಳಗೆ ಹೋಗುವ ರಸ್ತೆಗಳು ಕೆಲವೇ. ಕಾರಿನಲ್ಲಿ ಬರುವುದಾದರೆ ಪಂದ್ಯಕ್ಕೆ ನಾಲ್ಕೈದು ಗಂಟೆ ಮುಂಚೆ ತಲುಪಿ. ಪಕ್ಕದ ಬ್ರೂಕ್‌ಸೈಡ್ ಗಾಲ್ಫ್ ಮೈದಾನದ ಹುಲ್ಲಿನ ಮೇಲೆಯೇ ಕಾರು ನಿಲ್ಲಿಸುತ್ತಾರೆ. ಅಲ್ಲಿ ಡಿಕ್ಕಿ ತೆರೆದು, ಮೇಜು ಕುರ್ಚಿ ಹಾಕಿಕೊಂಡು ತಿನ್ನುತ್ತ ಹರಟುವುದೇ ಟೇಲ್‌ಗೇಟ್. ಸುತ್ತಮುತ್ತ ಮಾಂಸ ಸುಡುವ ಹೊಗೆಯೇ ಇರುವುದರಿಂದ ಸಸ್ಯಾಹಾರಿಗಳು ಮನೆಯಿಂದ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗುವುದೇ ಮೇಲು. ತುಸು ಹೆಚ್ಚಿಗೇ ಕಟ್ಟಿಕೊಳ್ಳಿ, ಪಕ್ಕದ ಕಾರಿನವರು ಪರಿಚಯ ಮಾಡಿಕೊಳ್ಳಲು ಬಂದೇ ಬರುತ್ತಾರೆ. ಕಾರು ಬೇಡವೆನ್ನುವವರು ಲಾಸ್ ಏಂಜಲೀಸ್‌ನಿಂದ ಮೆಟ್ರೊದ ಎ ಲೈನ್ ಹಿಡಿದು ಮೆಮೋರಿಯಲ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬಹುದು. ಅಲ್ಲಿಂದ ಪಂದ್ಯದ ದಿನ ಷಟಲ್ ಬಸ್ ಸಿಗುತ್ತದೆ, ನಡೆದರೆ ಸುಮಾರು 2 ಮೈಲಿ.

ಅದೇ ದಿನ ಬೆಳಗ್ಗೆ 8ಕ್ಕೆ ಕೊಲರಾಡೊ ಬುಲೆವಾರ್ಡ್‌ನಲ್ಲಿ ಗುಲಾಬಿ ಮೆರವಣಿಗೆ. 1890ರಲ್ಲಿ ಶುರುವಾದದ್ದು, ಪಂದ್ಯಕ್ಕಿಂತ ಹಳೆಯದು. ತೇರುಗಳ ಹೊರಮೈಯೆಲ್ಲ ಹೂವು, ಎಲೆ, ಬೀಜ, ತೊಗಟೆಗಳಿಂದಲೇ ಮುಚ್ಚಿರಬೇಕೆಂಬುದು ನಿಯಮ. ಹಿಂದಿನ ದಿನ ಮಧ್ಯಾಹ್ನದಿಂದಲೇ ಜನ ಕಾಲುದಾರಿಯಲ್ಲಿ ಜಾಗ ಹಿಡಿದು ರಾತ್ರಿಯಿಡೀ ಅಲ್ಲೇ ಮಲಗುತ್ತಾರೆ. ಮೆರವಣಿಗೆ, ಪಂದ್ಯ ಎರಡನ್ನೂ ಒಂದೇ ದಿನ ನೋಡುವೆನೆಂಬ ಆಸೆ ವಯಸ್ಸಾದವರ ಜೊತೆಯಲ್ಲಿದ್ದರೆ ಬೇಡ. ತೇರುಗಳನ್ನು ಮರುದಿನವೂ ನಿಲ್ಲಿಸಿಟ್ಟು ತೋರಿಸುತ್ತಾರೆ, ಟಿಕೆಟ್ ಕೊಂಡು ಹತ್ತಿರದಿಂದಲೇ ನೋಡಬಹುದು. ಅಂದಹಾಗೆ, ಈ ಹಬ್ಬಕ್ಕೆ ಹಣ ಹೊಂದಿಸಲೆಂದೇ 1902ರಲ್ಲಿ ಫುಟ್‌ಬಾಲ್ ಪಂದ್ಯ ಇಟ್ಟರು. ಮಿಶಿಗನ್ 49, ಸ್ಟ್ಯಾನ್‌ಫರ್ಡ್ 0 ಆಗಿ, ಸ್ಟ್ಯಾನ್‌ಫರ್ಡ್ ಪಂದ್ಯ ಮುಗಿಯುವ ಮೊದಲೇ ಕೈಚೆಲ್ಲಿತು. ಸಂಘಟಕರು ಬೇಸತ್ತು ಕೆಲವು ವರ್ಷ ರಥಗಳ ಓಟ ನಡೆಸಿದರು. ಫುಟ್‌ಬಾಲ್ ಮರಳಿದ್ದು 1916ಕ್ಕೆ.

ಒಳಗೆ ಕೂತ ಮೇಲೆ ಹೊಸಬರು ಮೊದಲು ಹುಡುಕುವುದು ಟಿವಿಯಲ್ಲಿ ಕಂಡ ಹಳದಿ ಗೆರೆಯನ್ನು. 10 ಗಜ ಎಲ್ಲಿಗೆ ಮುಗಿಯುತ್ತದೆಂದು ತೋರಿಸುವ ಆ ಗೆರೆಯನ್ನು ಕಂಪ್ಯೂಟರ್ ಎಳೆಯುವುದು, ಹುಲ್ಲಿನ ಮೇಲೆ ಅದು ಇರುವುದಿಲ್ಲ. ಬದಲಿಗೆ ಅಂಚಿನಲ್ಲಿ ಕಿತ್ತಳೆ ಬಣ್ಣದ ಎರಡು ಕೋಲು ಹಿಡಿದವರನ್ನು ಗುರುತಿಸಿಕೊಳ್ಳಿ. ಕೋಲುಗಳ ನಡುವೆ 10 ಗಜದ ಸರಪಳಿಯಿರುತ್ತದೆ. ಮುಂದಿನ ಕೋಲಿಗೆ ನೇರವಾಗಿ ಮನಸ್ಸಿನಲ್ಲಿ ಒಂದು ಗೆರೆ ಎಳೆದುಕೊಂಡರೆ ಆಯಿತು. ಮೂರನೆಯ ಡೌನ್ ಮುಗಿದೊಡನೆ ಚೆಂಡನ್ನು ಬಿಟ್ಟು ಕೋಚ್ ನಿಂತ ಕಡೆ ನೋಡಿ. ಒದೆಯುವವನು ಹೆಲ್ಮೆಟ್ ಹಾಕಿಕೊಂಡು ಓಡಿ ಬಂದನೋ, ಹನ್ನೊಂದು ಜನ ಅಲ್ಲೇ ನಿಂತರೋ ಎಂಬುದರಿಂದಲೇ ತೀರ್ಮಾನ ಗೊತ್ತಾಗುತ್ತದೆ, ಗ್ಯಾಲರಿಯ ಗದ್ದಲವೂ ಆ ಕ್ಷಣಕ್ಕೇ ಏರುತ್ತದೆ.

ಮುಗಿದ ಕೂಡಲೇ ಹೊರಗೆ ನುಗ್ಗಬೇಡಿ. ತೊಂಬತ್ತು ಸಾವಿರದಷ್ಟು ಜನ ಒಂದೇ ಕಣಿವೆಯಿಂದ ಹೊರಡಬೇಕು. ಕಾರು ಸ್ಟಾರ್ಟ್ ಮಾಡಿಕೊಂಡು ಗಾಲ್ಫ್ ಹುಲ್ಲಿನ ಮೇಲೆ ಕೂರುವುದಕ್ಕಿಂತ ಆಸನದಲ್ಲೇ ಅರ್ಧ ಗಂಟೆ ಉಳಿದು ಮೈದಾನದ ನಡುವೆ ಟ್ರೋಫಿ ಕೊಡುವುದನ್ನೂ, ಗೆದ್ದ ವಿಶ್ವವಿದ್ಯಾಲಯದ ಬ್ಯಾಂಡ್ ನುಡಿಸುವುದನ್ನೂ ನೋಡಿ. ಕಾರು ನಿಲ್ಲಿಸಿದ ಜಾಗದ ಫೋಟೊವನ್ನು ಬೆಳಗ್ಗೆಯೇ ತೆಗೆದುಕೊಂಡಿರಿ. ಕತ್ತಲಾದ ಮೇಲೆ ಗಾಲ್ಫ್ ಮೈದಾನದ ಎಲ್ಲ ಮರಗಳೂ ಒಂದೇ ತರಹ ಕಾಣುತ್ತವೆ.